ಹಿಂದ ಕುಂದರ್ರಿ, ರಾಡಿ ಬಂತು

ಸೇಡಂ ಸೀಮೆಗೆ ಮಿರಗದ ಮಳೆ ಮೊದಲು ಬೀಳುವುದು ಹೊಲಕ್ಕಲ್ಲ, ರಸ್ತೆಗೆ. ಹಾಗಂತ ಇಲ್ಲಿಯ ಡ್ರೈವರುಗಳು ಹೇಳುತ್ತಾರೆ. ಬೇಸಿಗೆಯುದ್ದಕ್ಕೂ ಸುಣ್ಣದಕಲ್ಲು ಹೊತ್ತ ಟಿಪ್ಪರ್‌ಗಳು, ಸಿಮೆಂಟ್ ತುಂಬಿದ ಬಲ್ಕರ್‌ಗಳು ಮಳಖೇಡ, ಸೇಡಂ, ಚಿತ್ತಾಪುರ, ವಾಡಿ ಎಂದು ಹಗಲೂ ರಾತ್ರಿ ಸುತ್ತು ಹೊಡೆದು ಡಾಂಬರಿನ ಮೇಲೆ ಬೂದು ಬಿಳಿ ಧೂಳಿನ ಪದರವನ್ನೇ ಹಾಸಿಟ್ಟಿರುತ್ತವೆ. ದಾರಿ ಬದಿಯ ಬೇವಿನ ಎಲೆ, ಪಾನ್ ಡಬ್ಬಿಯ ತಗಡು, ಅಂಗಡಿಯ ಮುಂದೆ ತೂಗುಬಿಟ್ಟ ಗುಟ್ಕಾ ಸರ ಎಲ್ಲಕ್ಕೂ ಒಂದೇ ಬಣ್ಣ. ಆ ಧೂಳಿನೊಳಗೆ ಲಾರಿಗಳಿಂದ ತೊಟ್ಟಿಕ್ಕಿದ ಡೀಸೆಲ್ಲೂ ಎಣ್ಣೆಯೂ ಕೂಡಿಕೊಂಡಿರುತ್ತವೆ. ಜೋರು ಮಳೆ ಹೊಡೆದರೆ ಎಲ್ಲ ತೊಳೆದುಹೋಗುತ್ತದೆ. ಆದರೆ ಮೊದಲ ಮಳೆ ಸಾಮಾನ್ಯವಾಗಿ ಜೋರಾಗಿ ಬರುವುದಿಲ್ಲ. ಸಂಜೆ ನಾಲ್ಕಕ್ಕೆ ಗಾಳಿ ಎದ್ದು, ಮೋಡ ಕವಿದು, ಹತ್ತು ನಿಮಿಷ ಜಿಟಿಜಿಟಿ ಎಂದು ನಿಂತುಬಿಡುತ್ತದೆ. ಅಂಥ ಮಳೆ ರಸ್ತೆಯನ್ನು ತೊಳೆಯುವುದಿಲ್ಲ, ಕಲೆಸುತ್ತದೆ. ಅವತ್ತು ಸಂಜೆ ತಿರುವುಗಳಲ್ಲಿ ಬೈಕುಗಳು ಮಲಗುತ್ತವೆ, ಟಂಟಂ ಆಟೋಗಳು ಅಡ್ಡ ತಿರುಗಿ ನಿಲ್ಲುತ್ತವೆ, ಆಸ್ಪತ್ರೆಯಲ್ಲಿ ಮೊಣಕೈ ತರಚಿಕೊಂಡವರ ಸಾಲು ಬೆಳೆಯುತ್ತದೆ.

ಹಿಮವೆಂಬುದನ್ನು ಈ ಸೀಮೆ ಟಿವಿಯಲ್ಲಿ ಮಾತ್ರ ಕಂಡಿದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರುಗಳಿವು. ಆದರೂ ಕಾಲಡಿಯ ನೆಲ ಕೈಕೊಟ್ಟಾಗ ಹಿಂದಿನ ಗಾಲಿಯಿಂದ ಓಡುವ ಗಾಡಿಯನ್ನು ದಿನಾ ಹೇಗೆ ಮನೆ ಮುಟ್ಟಿಸಬೇಕು ಎಂಬ ವಿದ್ಯೆ ಹಿಮದ ದೇಶದವರಿಗೆ ಎಷ್ಟು ಗೊತ್ತೋ, ಸೇಡಮ್ಮಿನ ಕ್ರೂಸರ್ ಜೀಪಿನ ಡ್ರೈವರನಿಗೂ ಅಷ್ಟೇ ಗೊತ್ತು. ಅವನು ಅದನ್ನು ಯಾರಿಗೂ ಹೇಳಿಕೊಟ್ಟಿಲ್ಲ, ಅಷ್ಟೇ.

ಬಸ್‌ಸ್ಟ್ಯಾಂಡಿನ ಹೊರಗೆ ಬೆಳಿಗ್ಗೆ ಏಳಕ್ಕೇ ಕ್ರೂಸರ್‌ಗಳು ಸಾಲುಗಟ್ಟುತ್ತವೆ. ಗಾಜಿನ ಮೇಲ್ತುದಿಯಲ್ಲಿ ಒಂದರಲ್ಲಿ ಶರಣಬಸವೇಶ್ವರ, ಇನ್ನೊಂದರಲ್ಲಿ ಖ್ವಾಜಾ ಬಂದೇನವಾಜ್, ಮತ್ತೊಂದರಲ್ಲಿ ಮೋತಕಪಲ್ಲಿ ಬಲಭೀಮಸೇನ. ಕೆಲವು ಡ್ರೈವರುಗಳು ಯಾರನ್ನೂ ಬಿಡದೆ ಮೂವರನ್ನೂ ಅಂಟಿಸಿರುತ್ತಾರೆ. ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ. ಒಳಗೆ ಮುಂದೆ ಡ್ರೈವರನ ಪಕ್ಕದ ಸೀಟು, ನಡುವೆ ಒಂದು ಸಾಲು, ಹಿಂದೆ ಗಾಲಿಯ ಮೇಲೆಯೇ ಎದುರುಬದುರಾಗಿ ಹಾಕಿದ ಎರಡು ಬೆಂಚು. ಕಾಗದದಲ್ಲಿ ಡ್ರೈವರನನ್ನು ಬಿಟ್ಟು 12 ಸೀಟು. ಕಾಗದ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿರುತ್ತದೆ, ಸೀಟುಗಳು ಎಷ್ಟಾದರೂ ಇರುತ್ತವೆ. ಈ ಕಡೆ ಪ್ರಯಾಣಿಕನಿಗೂ ಸೀಟು ಅಂತಲೇ ಹೆಸರು. "ಇನ್ನೆರಡು ಸೀಟು ಬಂದ್ರ ಬಿಡ್ತೀನ್ರಿ" ಎಂದು ಅರ್ಧ ಗಂಟೆಯಿಂದ ಹೇಳುತ್ತಿರುವವನ ಮಾತನ್ನು ಯಾರೂ ನಂಬುವುದಿಲ್ಲ, ಯಾರೂ ಇಳಿದೂ ಹೋಗುವುದಿಲ್ಲ.

ಈ ಗಾಡಿಯನ್ನು ಯಾರೂ ರೇಸಿನ ಕಾರು ಎನ್ನಲಾರರು. ಆದರೆ ಇದರ ವಂಶಾವಳಿ ಕೆದಕಿದರೆ ಸ್ವಲ್ಪ ಗೌರವ ಬರುತ್ತದೆ. ಕ್ರೂಸರ್ ಮಾಡುವ ಫೋರ್ಸ್ ಮೋಟರ್ಸ್ ಮೊದಲು ಬಜಾಜ್ ಟೆಂಪೋ ಆಗಿತ್ತು. ಪುಣೆಯ ಫಿರೋದಿಯಾ ಮನೆತನ 1958ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಟೆಂಪೋ ಕಂಪನಿಯ ಜತೆ ಸೇರಿ ಕಟ್ಟಿದ್ದು. ಅವರು ಮೊದಲು ತಂದ ಮೂರು ಗಾಲಿಯ ಟೆಂಪೋದಲ್ಲಿ ಮುಂದಿನ ಒಂಟಿ ಗಾಲಿಯೇ ಗಾಡಿಯನ್ನು ಎಳೆಯುತ್ತಿತ್ತು, ಎಂಜಿನ್ನೂ ಅದರ ತಲೆಯ ಮೇಲೇ ಕೂತಿತ್ತು. ಆಮೇಲೆ 1980ರ ದಶಕದಲ್ಲಿ ಟ್ರ್ಯಾಕ್ಸ್ ಬಂತು. ಅದಕ್ಕೆ ಕೂಡಿಸಿದ್ದು ಮರ್ಸಿಡಿಸ್ ಕಂಪನಿಯಿಂದ ಪರವಾನಗಿ ಪಡೆದ ಓಎಂ 616 ಎಂಬ 2.4 ಲೀಟರಿನ ಡೀಸೆಲ್ ಎಂಜಿನ್. ಅದೇ ಎಂಜಿನ್ ಜರ್ಮನಿಯಲ್ಲಿ ಮರ್ಸಿಡಿಸ್ 240ಡಿ ಕಾರುಗಳಲ್ಲಿತ್ತು. ಎಪ್ಪತ್ತು ಎಂಬತ್ತರ ದಶಕದ ಜರ್ಮನ್ ಟ್ಯಾಕ್ಸಿ ಎಂದರೆ ಆ ಸಾಲಿನ ಡೀಸೆಲ್ ಮರ್ಸಿಡಿಸ್‌ಗಳೇ. ಅವೂ ಹಿಂಗಾಲಿ ಗಾಡಿಗಳು. ಎಂಜಿನ್ ಮುಂದೆ, ಉದ್ದದ ಶಾಫ್ಟ್ ನಡುವೆ, ತಳ್ಳುವ ಗಾಲಿ ಹಿಂದೆ. ಹೆಪ್ಪುಗಟ್ಟಿದ ಬೀದಿಗಳಲ್ಲಿ ಚಳಿಗಾಲಗಳನ್ನು ಕಳೆದ ಎಂಜಿನ್ನಿನ ಸಂತತಿ ಸೇಡಂ ತಾಲ್ಲೂಕಿನ ಆಡಕಿ, ಮುಧೋಳದ ಎರಿ ಹೊಲಗಳ ನಡುವೆ ತೊಗರಿ ಚೀಲ, ಕುರಿ, ಮದುವೆ ದಿಬ್ಬಣ ಹೊತ್ತು ಹೊರಟಿದೆ.

ಹಿಂದಿನ ಗಾಲಿ ತಳ್ಳುವ ಗಾಡಿಗೆ ಒಣ ರಸ್ತೆಯಲ್ಲಿ ದೊಡ್ಡ ಗುಣವಿದೆ. ವೇಗ ಕೊಟ್ಟಾಗ ಗಾಡಿಯ ಭಾರ ಹಿಂದಕ್ಕೆ ವಾಲುತ್ತದೆ, ತಳ್ಳುವ ಗಾಲಿಗಳು ನೆಲವನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತವೆ. ಮುಂದಿನ ಗಾಲಿಗೆ ಬರೀ ತಿರುಗುವ ಕೆಲಸ. ರೇಸಿನ ಕಾರುಗಳವರು ಹಿಂಗಾಲಿಯನ್ನು ಬಿಡದಿರುವುದು ಇದಕ್ಕೇ. ನೆಲ ಜಾರಲು ಶುರುವಾದರೆ ಲೆಕ್ಕ ಬೇರೆ. ಎಂಜಿನ್ನಿನ ಭಾರವೆಲ್ಲ ಮುಂದೆ ಕೂತಿರುತ್ತದೆ, ಕೆಲಸ ಮಾಡಬೇಕಾದ ಗಾಲಿ ಹಿಂದೆ ಹಗುರಾಗಿ ನಿಂತಿರುತ್ತದೆ. ಕಾಲು ಸ್ವಲ್ಪ ಹೆಚ್ಚು ಬಿದ್ದರೂ ಅದು ನಿಂತಲ್ಲೇ ಗಿರಗಿರ ತಿರುಗಿ ಗಾಡಿಯ ಹಿಂಭಾಗ ಅಡ್ಡ ಹೊರಡುತ್ತದೆ. ಒಣ ಡಾಂಬರಿನ ಮೇಲೆ ಟಯರಿನ ಹಿಡಿತ, ಅಂದರೆ ಘರ್ಷಣಾಂಕ, 0.7, 0.8ರಷ್ಟಿದ್ದರೆ ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 0.2, 0.3ಕ್ಕೆ ಇಳಿಯುತ್ತದೆ. ಹಿಮದ ದೇಶದವರು ಇದಕ್ಕೆ ಕಂಡುಕೊಂಡ ಮದ್ದು ಎರಡು. ಒಂದು, ಚಳಿಯಲ್ಲೂ ಸೆಟೆಯದೆ ಮೆತ್ತಗೇ ಉಳಿಯುವ ರಬ್ಬರಿನ ಚಳಿಗಾಲದ ಟಯರು. ಕೆನಡಾದ ಕ್ಯುಬೆಕ್ ಪ್ರಾಂತದಲ್ಲಿ 2008ರಿಂದ ಅದು ಕಾನೂನೇ ಆಗಿದೆ. ಇನ್ನೊಂದು ಅಜ್ಜಂದಿರ ಕಾಲದ್ದು. ಡಿಕ್ಕಿಯಲ್ಲಿ ಉಸುಕಿನ ಚೀಲ ಹಾಕಿಕೊಂಡು ಓಡಾಡುವುದು.

ಉಸುಕಿನ ಚೀಲದ ಜಾಗದಲ್ಲಿ ನಮ್ಮವರು ತೊಗರಿ ಚೀಲ ಇಟ್ಟರು, ಫರ್ಸಿ ಕಲ್ಲು ಇಟ್ಟರು. ಕೊನೆಗೆ ಮನುಷ್ಯರನ್ನೇ ಇಟ್ಟರು.

ಇದೆಲ್ಲ ಯಾಕೆ ಬೇಕಾಯಿತು ಎಂದು ತಿಳಿಯಬೇಕಾದರೆ ಎರಿ ಮಣ್ಣನ್ನು ಹತ್ತಿರದಿಂದ ನೋಡಬೇಕು. ಈ ಸೀಮೆ ಎರಡು ಕಲ್ಲುಗಳ ಗಡಿ. ಒಂದು ಕಡೆ ಭೀಮಾ ಕಣಿವೆಯ ಸುಣ್ಣದಕಲ್ಲು. ಸಿಮೆಂಟಿಗೂ ಅದೇ, ಶಹಾಬಾದ್ ಫರ್ಸಿಗೂ ಅದೇ. ಇನ್ನೊಂದು ಕಡೆ ದಖ್ಖನ್ನಿನ ಕರಿಕಲ್ಲು, ಅದು ಸವೆದು ಆದದ್ದು ಈ ಕರಿ ಮಣ್ಣು. ಅದರೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣಗಳು ಹಾಳೆ ಹಾಳೆಯಾಗಿರುತ್ತವೆ. ನೀರು ಹಾಳೆಗಳ ನಡುವೆ ನುಗ್ಗಿದರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಆ ಬಿರುಕಿನೊಳಗೆ ಹುಡುಗರು ಕೈ ಇಳಿಬಿಟ್ಟು ಆಡುತ್ತಾರೆ. ಅದೇ ನೆಲ ಜುಲೈನಲ್ಲಿ ಚಪ್ಪಲಿಯನ್ನು ಕಿತ್ತುಕೊಂಡು ಇಟ್ಟುಕೊಳ್ಳುತ್ತದೆ. ತೊಗರಿಗೆ ಇದಕ್ಕಿಂತ ಒಳ್ಳೆಯ ಮಣ್ಣಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ತಿಂಗಳುಗಟ್ಟಲೆ ಮಳೆಯಿಲ್ಲದೆಯೂ ನಿಲ್ಲುವುದು ಈ ಮಣ್ಣು ಹಿಡಿದಿಟ್ಟ ತೇವದ ಮೇಲೆ. ರೈತನನ್ನು ಉಳಿಸುವ ಅದೇ ಗುಣ ಡ್ರೈವರನನ್ನು ಕೊಲ್ಲುತ್ತದೆ. ಹಿಡಿದ ನೀರನ್ನು ಅದು ಬಿಡುವುದೇ ಇಲ್ಲ.

ಒದ್ದೆ ಎರಿಯ ಮೇಲೆ ಟಯರು ಮೂರು ಸುತ್ತು ತಿರುಗಿದರೆ ಸಾಕು, ಮಣ್ಣು ನಾದಿದ ಜೋಳದ ಹಿಟ್ಟಿನ ಹಾಗೆ ಹಲ್ಲುಗಳ ಸಂದಿಯಲ್ಲೆಲ್ಲ ಮೆತ್ತಿಕೊಳ್ಳುತ್ತದೆ. ನಾಲ್ಕನೇ ಸುತ್ತಿಗೆ ಹೊಸ ಟಯರಿಗೂ ಬೋಳು ಟಯರಿಗೂ ಭೇದವಿರುವುದಿಲ್ಲ. ಐದನೇ ಸುತ್ತಿಗೆ ಮಡ್‌ಗಾರ್ಡಿನ ಒಳಗೆಲ್ಲ ತುಂಬಿ ಗಾಲಿ ತಿರುಗಲೂ ಜಾಗವಿರುವುದಿಲ್ಲ. ಸೈಕಲ್ಲಿನವರು ಇದನ್ನು ಬಲ್ಲರು. ಅದಕ್ಕೇ ಕೈಯಲ್ಲಿ ಒಂದು ಕಡ್ಡಿ ಹಿಡಿದು ಹತ್ತು ಹೆಜ್ಜೆಗೊಮ್ಮೆ ನಿಂತು ಕೆದರುತ್ತಾರೆ, ಇಲ್ಲವೇ ಸೈಕಲ್ಲನ್ನೇ ಹೆಗಲಿಗೇರಿಸಿಕೊಂಡು ನಡೆಯುತ್ತಾರೆ. ಚಿಂಚೋಳಿ ದಾಟಿ ಕುಂಚಾವರಂ ಕಾಡಿನ ಕಡೆ ಏರಿದರೆ ಕೆಂಪು ನೆಲ ಸಿಗುತ್ತದೆ, ಕೆಳಗೆ ಜಂಬಿಟ್ಟಿಗೆ. ಅಲ್ಲಿ ಮಳೆ ನಿಂತ ಒಂದು ತಾಸಿಗೆ ಗಾಲಿಗೆ ಹಿಡಿತ ಸಿಗುತ್ತದೆ. ಎರಿಯಲ್ಲಿ ಮಳೆ ನಿಂತ ಮೂರನೆಯ ದಿನವೂ ನಂಬುವ ಹಾಗಿಲ್ಲ. ಮೇಲೆ ಕೆನೆಗಟ್ಟಿ ಒಣಗಿದಂತೆ ಕಾಣುತ್ತದೆ, ಕೆಳಗೆ ಹುದಲು ಹಾಗೇ ಇರುತ್ತದೆ.

ಮಹಾರಾಜ ಎಂದರೆ ಇಲ್ಲಿ ಟ್ರ್ಯಾಕ್ಟರ್. ಅದೂ ಹಿಂಗಾಲಿಯದೇ, ಆದರೆ ಹುಟ್ಟಿದ್ದೇ ಈ ಕೆಲಸಕ್ಕೆ. ಆಳೆತ್ತರದ ಹಿಂಗಾಲಿ, ಭಾರಕ್ಕೆಂದು ಟಯರಿನೊಳಗೆ ತುಂಬಿದ ನೀರು, ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಬ್ರೇಕು, ಒಂದೇ ಗಾಲಿ ತಿರುಗಿ ಇನ್ನೊಂದು ಸುಮ್ಮನೆ ನಿಂತರೆ ಎರಡನ್ನೂ ಕಟ್ಟಿಹಾಕುವ ಡಿಫರೆನ್ಷಿಯಲ್ ಲಾಕ್. ಈ ಲಾಕ್ ಇಲ್ಲದ್ದೇ ಕ್ರೂಸರಿನಂಥ ಗಾಡಿಗಳ ಕಷ್ಟ. ರಾಡಿಯಲ್ಲಿ ಸಿಕ್ಕ ಒಂದು ಹಿಂಗಾಲಿ ಹುಚ್ಚೆದ್ದು ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಹಾಯಾಗಿ ನೋಡುತ್ತಾ ನಿಂತಿರುತ್ತದೆ. ಆಗ ಅನುಭವಿಗಳು ಹ್ಯಾಂಡ್‌ಬ್ರೇಕನ್ನು ಎರಡು ಹಲ್ಲು ಎಳೆದು ಮೆಲ್ಲಗೆ ಕ್ಲಚ್ ಬಿಡುತ್ತಾರೆ. ಹುಚ್ಚೆದ್ದ ಗಾಲಿಗೆ ಸ್ವಲ್ಪ ಕಡಿವಾಣ ಬಿದ್ದು ಬಲ ಗಟ್ಟಿ ನೆಲದ ಮೇಲಿನ ಗಾಲಿಗೆ ಹರಿಯುತ್ತದೆ. ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಇದನ್ನು ಕಲಿಸಿದ್ದು ನಾನು ಕಾಣೆ.

ಇನ್ನು ನಿಜವಾದ ಬಿರುಸಿನ ಕಾರಿನ ಕತೆ. ಶಹಾಬಾದಿನಿಂದ ವಾಡಿಯ ಕಡೆ ಹೋಗುವ ದಾರಿಯಲ್ಲಿ, ಫರ್ಸಿ ಖಣಿಗಳ ನಡುವೆ, ಅಂಥದ್ದೊಂದು ಹೂತು ನಿಂತಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ ದಸರೆಗೆ ಊರಿಗೆ ತಂದಿದ್ದ. ನೆಲಕ್ಕಂಟಿದ ಮೈ, ಅಗಲವಾದ ಟಯರು, ಹಿಂಗಾಲಿಯ ಓಟ. ಎದುರು ಬಂದ ಟಿಪ್ಪರಿಗೆ ದಾರಿ ಬಿಡಲು ಎರಡೇ ಅಡಿ ಪಕ್ಕಕ್ಕಿಳಿಸಿದ್ದಾನೆ, ಎಡಗಡೆಯ ಹಿಂಗಾಲಿ ಎರಿಗೆ ಸಿಕ್ಕಿದೆ. ಎಕ್ಸಲೇಟರ್ ಒತ್ತಿದರೆ ಕಾರು ಗುರ್ ಎನ್ನುತ್ತದೆ, ಮರುಗಳಿಗೆಗೆ ತಾನೇ ತಣ್ಣಗಾಗುತ್ತದೆ. ಹಿಂದೆ ಬಂದ ಕ್ರೂಸರಿನ ಡ್ರೈವರ್ ಇಳಿದು ಬಂದು ಸುತ್ತ ನೋಡಿ, "ತಮ್ಮಾ, ನಿನ್ನ ಗಾಡಿ ನಮ್ಮಕಿಂತ ಶಾಣ್ಯಾ ಅದ. ಅದ್ಕೇ ಹೊಂಟಿಲ್ಲ ಅದು. ತಾನೇ ಅಂಜತದ" ಅಂದ. ಅಂದದ್ದು ಸರಿಯಾಗಿಯೇ ಇತ್ತು. ಗಾಲಿ ಜಾರಿದ ಕೂಡಲೇ ಎಂಜಿನ್ನಿನ ಬಲ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಎಂಬ ಏರ್ಪಾಡು ಅದರಲ್ಲಿತ್ತು. ಹೆದ್ದಾರಿಯಲ್ಲಿ ಜೀವ ಉಳಿಸುವ ಆ ಜಾಣತನ ಹುದಲಿನಲ್ಲಿ ಗಾಡಿಯನ್ನು ಕದಲಲು ಬಿಡುವುದಿಲ್ಲ. ಆಳ ಹಿಮದಲ್ಲಿ ಸಿಕ್ಕವರೂ ಅದನ್ನು ಆರಿಸಿಯೇ ಕಾರು ಹೊರತೆಗೆಯುತ್ತಾರೆ. ಹುಡುಗ ಗುಂಡಿ ಹುಡುಕಿ ಆರಿಸಿದ.

ಅಷ್ಟರಲ್ಲಿ ಖಣಿಯ ಕಡೆಯಿಂದ ಇಬ್ಬರು ಒಡಕು ಫರ್ಸಿ ಹೊತ್ತು ತಂದರು. ಇಲ್ಲಿ ಕಲ್ಲಿಗೇನು ಬರ, ಮನೆಯ ನೆಲ, ಮಾಡು, ಅಂಗಡಿಯ ಕಟ್ಟೆ, ಹೊಲದ ಬೇಲಿ ಎಲ್ಲ ಫರ್ಸಿಯದೇ. ನಯವಾದ ಮೈ ಕೆಳಗೆ, ಒರಟು ಮೈ ಮೇಲೆ ಮಾಡಿ ಎರಡು ತುಂಡುಗಳನ್ನು ಗಾಲಿಯ ಬುಡಕ್ಕೆ ತೂರಿಸಿದರು. ನಾಲ್ಕು ಇಡೀ ಕಲ್ಲುಗಳನ್ನು ಆ ಹೊಳೆಯುವ ಡಿಕ್ಕಿಯೊಳಗೆ, ಹುಡುಗನ ಲ್ಯಾಪ್‌ಟಾಪ್ ಚೀಲ ಸರಿಸಿ, ಇಟ್ಟರು. ಎರಡಡಿ ಚೌಕದ, ಒಂದಿಂಚು ದಪ್ಪದ ಫರ್ಸಿ ಹೆಚ್ಚುಕಡಿಮೆ 24 ಕೆ.ಜಿ. ತೂಗುತ್ತದೆ. ನಾಲ್ಕು ಕಲ್ಲೆಂದರೆ ಒಂದು ಕ್ವಿಂಟಲಿಗೆ ಸ್ವಲ್ಪ ಕಡಿಮೆ. "ಎರಡನೇ ಗೇರ್ ಹಾಕು. ರೇಸ್ ಕೊಡಬ್ಯಾಡ. ಮನ್ಯಾಗ ಕೂಸು ಮಲಗ್ಯಾದ ಅಂತ ತಿಳ್ಕೊಂಡು ಬಿಡು." ಟಯರು ಫರ್ಸಿಯನ್ನು ಕಚ್ಚಿತು, ಫರ್ಸಿ ಟಳ್ ಎಂದು ಎರಡಾಯಿತು, ಕಾರು ಡಾಂಬರಿಗೆ ಬಂತು. ಹುಡುಗ ದುಡ್ಡು ಕೊಡಲು ಹೋದರೆ ಯಾರೂ ಮುಟ್ಟಲಿಲ್ಲ. ಕಲ್ಲು ವಾಪಸು ಕೇಳಿದರು.

ಭಾರ ಎಲ್ಲಿ ಬೀಳುತ್ತದೆ ಎಂಬುದೇ ಇಲ್ಲಿ ಎಲ್ಲ. ಒಳಗೆ ಗಾಲಿಯ ಮೇಲೆ ಕೂತ ಭಾರ ಗಾಡಿಯನ್ನು ಉಳಿಸುತ್ತದೆ. ಅದೇ ಭಾರ ಟಪ್ಪಿನ ಮೇಲೆ ಏರಿದರೆ ಮೊದಲ ತಿರುವಿನಲ್ಲೇ ಮಗುಚುತ್ತದೆ. ಕಳೆ ತೆಗೆಯುವ ಹಂಗಾಮಿನಲ್ಲಿ ಒಳಗೆ ಹೆಂಗಸರು ಒತ್ತಿ ಕೂತು, ಟಪ್ಪಿನ ಮೇಲೆ ಗಂಡುಹುಡುಗರು, ಹಿಂದಿನ ಏಣಿಗೆ ಜೋತುಬಿದ್ದವರು ಮೂವರು ಎಂಬ ಗಾಡಿಗಳನ್ನು ನೋಡಿದಾಗ ಡ್ರೈವರನ ಜಾಣ್ಮೆಯ ಬಗ್ಗೆ ಬರೆಯುವ ಉತ್ಸಾಹ ಇಳಿಯುತ್ತದೆ. ಬಸ್ಸು ಬರುವ ಊರಿನವರು ಹೀಗೆ ಜೋತುಬೀಳುವುದಿಲ್ಲ. ನಿಜಾಮರ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ 1874ರಲ್ಲೇ ಓಡಿತು. ದೇಶದ ಮೂಲೆ ಮೂಲೆಗೂ ರಸ್ತೆ ಹಾಸಲು ಸಿಮೆಂಟ್ ಕಳಿಸುವ ಸೀಮೆಯಿದು. ಆದರೂ ಎಷ್ಟೋ ಹಳ್ಳಿಗಳಲ್ಲಿ ಮಳೆಗಾಲದ ಬಸ್ಸು ಅಗಸಿಯವರೆಗೂ ಬರುವುದಿಲ್ಲ, ಹೊಲದ ದಾರಿಗೆ ಒಂದು ಗಾಡಿ ಮುರುಮೂ ಬಿದ್ದಿಲ್ಲ.

ಇಷ್ಟೆಲ್ಲ ರಾಡಿಗೆ ಅಂಜದ ಡ್ರೈವರು ಒಂದೇ ಒಂದು ಕಡೆ ಕೈ ಕಟ್ಟಿ ನಿಲ್ಲುತ್ತಾನೆ. ಕಾಗಿಣಾ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಪಕ್ಕದಲ್ಲಿ ಹರಿದು, ಶಹಾಬಾದಿನ ಕಡೆ ಸಾಗಿ ಭೀಮೆಗೆ ಸೇರುವ ಈ ಹೊಳೆ ಬೇಸಿಗೆಯಲ್ಲಿ ಸೊರಗಿ ಸಣ್ಣದಾಗುತ್ತದೆ. ತುಂಬಿತೆಂದರೆ ಸೇಡಂ ಕಲಬುರಗಿ ರಸ್ತೆಯ ಸೇತುವೆಯೇ ಕಾಣುವುದಿಲ್ಲ. 2020ರ ಅಕ್ಟೋಬರಿನಲ್ಲಿ ಸೇತುವೆ ಮುಳುಗಿ, ಜಯತೀರ್ಥರ ಬೃಂದಾವನವಿರುವ ಮಳಖೇಡದ ಉತ್ತರಾದಿ ಮಠಕ್ಕೂ ನೀರು ನುಗ್ಗಿತ್ತು. ಅಂಥ ದಿನ ಎರಡೂ ದಡದಲ್ಲಿ ಗಾಡಿಗಳು ಮೈಲುದ್ದ ನಿಲ್ಲುತ್ತವೆ. ದಾಟಿಸು ಎಂದು ಅವಸರ ಮಾಡುವ ಸೀಟುಗಳಿಗೆ ಡ್ರೈವರುಗಳದು ಒಂದೇ ಉತ್ತರ: "ಸೇತುವಿ ಮ್ಯಾಲ ನೀರ ಬಂತಂದ್ರ ಅದು ಗಾಡಿ ಅಲ್ರಿ, ಡಬ್ಬಿ." ಹರಿಯುವ ನೀರು ಎರಡಡಿ ಇದ್ದರೆ ಹೆಚ್ಚಿನ ಕಾರುಗಳು ತೇಲಿಹೋಗುತ್ತವೆ. ಗಾಲಿಯ ಮೇಲಿನ ಭಾರವನ್ನು ನೀರೇ ಎತ್ತಿಕೊಂಡ ಮೇಲೆ ಮುಂಗಾಲಿಯಾದರೇನು, ಹಿಂಗಾಲಿಯಾದರೇನು.

ಒಮ್ಮೆ ಪುಷ್ಯ ಮಳೆಯ ಬಿಡುವಿನಲ್ಲಿ ಸೇಡಮ್ಮಿನಿಂದ ಒಳಹಳ್ಳಿಯೊಂದಕ್ಕೆ ಕ್ರೂಸರಿನಲ್ಲಿ ಹೊರಟಿದ್ದೆ. ಮುಂದಿನ ಸೀಟಿನಲ್ಲಿ ಒಬ್ಬ ಆಯಿ. ಇಳಕಲ್ ಸೀರೆ, ಮಡಿಲಲ್ಲಿ ಬಟ್ಟೆಯ ಗಂಟು, ಗಾಡಿ ಹತ್ತುವ ಮೊದಲೇ ಡ್ರೈವರನ ಜತೆ ಕರಾರು ಮಾಡಿಕೊಂಡಿದ್ದಳು: "ಮುಂದ ಕುಂದ್ರಿಸಿದ್ರ ಮೂವತ್ತು ಕೊಡ್ತೀನಿ. ಇಲ್ಲಂದ್ರ ನಡ್ಕೊಂಡ್ ಹೋಗ್ತೀನಿ." ಡಾಂಬರು ಮುಗಿಯುವವರೆಗೆ ರಾಣಿಯಂತೆ ಕೂತಿದ್ದಳು. ಡಾಂಬರು ಮುಗಿದಲ್ಲಿ ಡ್ರೈವರ್ ಗಾಡಿ ನಿಲ್ಲಿಸಿ ಇಳಿದ. ದಾರಿಯಲ್ಲಿ ಟ್ರ್ಯಾಕ್ಟರಿನ ಗಾಲಿ ತೋಡಿದ ಎರಡು ಕಾಲುವೆ, ಅದರ ತುಂಬ ಕಂದು ನೀರು. ಕಾಲಲ್ಲಿ ಒತ್ತಿ ನೋಡಿ ಬಂದು, "ಎಲ್ಲಾರೂ ಹಿಂದ ಕುಂದರ್ರಿ, ರಾಡಿ ಬಂತು. ಆಯಿ, ನೀವೂ."

"ಯಾಕೋ? ನಾ ಮುಂದ ಕುಂತ್ರ ನಿನ್ನ ಗಾಡಿ ಸಾಯ್ತದೇನು?"

"ಸಾಯಂಗಿಲ್ಲ ಆಯಿ. ಹೂತು ಕುಂದರ್ತದ. ಹಿಂದಿನ ಗಾಲಿ ಮ್ಯಾಲ ಭಾರ ಬೀಳ್ಬೇಕು."

"ನನ್ನ ಮೈಯಾಗ ಏನ್ ಭಾರ ಅದಂತ ಕರಿಲಾಕತ್ತಿದಿ?"

ಗೊಣಗುತ್ತಲೇ ಇಳಿದು ಹಿಂದಿನ ಬೆಂಚಿಗೆ ಬಂದಳು. ಎದುರುಬದುರು ಮೊಣಕಾಲು ತಾಗಿಸಿಕೊಂಡು ಒಂಬತ್ತು ಜನ ಕೂತೆವು. ಡ್ರೈವರ್ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟ. ಬರಿಗಾಲಾದರೆ ಎಕ್ಸಲೇಟರಿನ ಒತ್ತು ತಿಳಿಯುತ್ತದಂತೆ. ಎರಡನೇ ಗೇರಿನಲ್ಲಿ ಎಂಜಿನ್ನಿನ ಸದ್ದು ಏರದಂತೆ ಇಳಿಯದಂತೆ ಹಿಡಿದು, ಕಾಲುವೆಗಳಿಗೆ ಗಾಲಿ ಕೊಡದೆ ನಡುವಿನ ದಿಣ್ಣೆಯ ಮೇಲೊಂದು, ಬದಿಯ ಹುಲ್ಲಿನ ಮೇಲೊಂದು ಗಾಲಿ ಇಟ್ಟು ಹೊರಟ. ಹಳ್ಳದ ಹತ್ತಿರ ಗಾಡಿಯ ಹಿಂಭಾಗ ಮೆಲ್ಲಗೆ ಎಡಕ್ಕೆ ಜಾರಿತು. ನಾವು ಜಾರುತ್ತಿರುವುದು ನಮಗೆ ತಿಳಿಯುವ ಮೊದಲೇ ಅವನ ಕೈ ಸ್ಟೇರಿಂಗನ್ನು ಎಡಕ್ಕೇ ತಿರುಗಿಸಿತ್ತು. ಬ್ರೇಕಿನ ಹತ್ತಿರ ಕಾಲು ಹೋಗಲೇ ಇಲ್ಲ. ಎಕ್ಸಲೇಟರಿನಿಂದಲೂ ಕಾಲು ಪೂರ್ತಿ ಮೇಲೇಳಲಿಲ್ಲ, ಕೂದಲೆಳೆಯಷ್ಟು ಸಡಿಲವಾಯಿತು. ಬೆಂಚಿನ ಕೆಳಗೆ ಮಡ್‌ಗಾರ್ಡಿಗೆ ರಾಡಿ ಬಡಿಯುವ ಧಪಧಪ ಸದ್ದು. ಹಿಂಭಾಗ ನೆಟ್ಟಗಾಯಿತು. ಹಳ್ಳದ ಆಚೆ ದಡ ಏರುವಾಗ ಆಯಿ ಮುಂದಿನವನ ಭುಜ ಹಿಡಿದುಕೊಂಡು ಬಲಭೀಮಸೇನನನ್ನು ಕೂಗಿದಳು. ಗಾಡಿ ಅಗಸಿಗೆ ಬಂದು ನಿಂತಿತು.

ಇಳಿದವಳೇ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ತೆಗೆದಳು.

"ಮೂವತ್ತು ಮಾತಾಗಿತ್ತಲ್ಲ ಆಯಿ."

"ಮುಂದ ಕುಂದ್ರಿಸಿದ್ರ ಅಂದಿದ್ದೆ. ಹಿಂದ ಹಾಕಿ ಚೀಲದಂಗ ಭಾರಕ್ಕ ಬಳಸ್ಕೊಂಡಿ. ಚೀಲಕ್ಕ ಏನ್ ಬಾಡಿಗಿ ಇಸ್ಕೋತಿ?"

"ಚೀಲಕ್ಕೂ ಹತ್ತು ರೂಪಾಯಿ ಅದ ಆಯಿ."

"ಹೌದಾ? ಹಂಗಾದ್ರ ಇಪ್ಪತ್ಯಾಕ ಕೊಡ್ಲಿ?" ಎಂದು ಒಂದು ಹತ್ತರ ನೋಟನ್ನು ವಾಪಸು ಗಂಟಿನೊಳಗಿಟ್ಟು, ಇನ್ನೊಂದನ್ನು ಅವನ ಕೈಗೆ ತುರುಕಿ ಹೊರಟೇಬಿಟ್ಟಳು. ಡ್ರೈವರ್ ನೋಟನ್ನೂ ಆಯಿಯನ್ನೂ ನೋಡಿ, ಕಾಲಿನ ರಾಡಿಯನ್ನು ಅಗಸಿಯ ಕಲ್ಲಿಗೆ ಒರೆಸಿಕೊಂಡು, ವಾಪಸು ಹೋಗಲು ಸೀಟು ಕೂಗತೊಡಗಿದ. ಬರೀ ಗಾಡಿಯಲ್ಲಿ ಆ ಹಳ್ಳ ದಾಟುವುದು ಅವನಿಗೂ ಬೇಕಿರಲಿಲ್ಲ.